ಟ್ರಂಕಿನೊಳಗಿನ ಬ್ಯಾಟರಿ



ನಿಮ್ಮ ಮನೆಗೆ ಒಂದು ಒಳ್ಳೆಯ ಬ್ಯಾಟರಿ ಬಂದಿದೆ ಎಂದುಕೊಳ್ಳಿ. ಬ್ಯಾಟರಿ ಎಂದರೆ ನಮ್ಮ ಹಳ್ಳಿಗಳ ಮಾತಿನಲ್ಲಿ ಟಾರ್ಚು. ಲೋಹದ ಮೈ, ಹೊಳೆಯುವ ಗಾಜು, ಗುಂಡಿ ಒತ್ತಿದರೆ ಹೊಲದ ಆಚೆಯ ಬದುವಿನವರೆಗೆ ಹೋಗಿ ನಿಲ್ಲುವ ಬೆಳಕು. ಅದನ್ನು ನೀವು ಏನು ಮಾಡುತ್ತೀರಿ? ಇಂದು ರಾತ್ರಿಯೇ ಕೊಟ್ಟಿಗೆಗೆ, ಹಿತ್ತಲಿಗೆ, ಹೊಲಕ್ಕೆ ಒಯ್ಯುತ್ತೀರೋ? ಅಥವಾ ಗೀರು ಬೀಳಬಾರದೆಂದು ಬಂದ ಡಬ್ಬಿಯಲ್ಲೇ ಮತ್ತೆ ಇಟ್ಟು, ಡಬ್ಬಿಯನ್ನು ಟ್ರಂಕಿನಲ್ಲಿ ಭದ್ರಪಡಿಸುತ್ತೀರೋ?

ಇದೇನು ಇಷ್ಟು ಸಣ್ಣ ಪ್ರಶ್ನೆ ಎಂದು ನಗಬೇಡಿ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ನಾವು ದಿನಾಲೂ ಉತ್ತರ ಕೊಡುತ್ತಲೇ ಇದ್ದೇವೆ. ಅತಿಥಿಗಳಿಗೆಂದು ಇಟ್ಟ ಕಪ್ಪು ಬಸಿಗಳು, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಕುರ್ಚಿಗಳು, ಮದುವೆಗೆ ಬಂದು ಮಡಿಕೆ ಬಿಚ್ಚದ ಸೀರೆ, ಎಲ್ಲವೂ ಇದೇ ಪ್ರಶ್ನೆಯ ಮಕ್ಕಳು. ಆದರೆ ಬ್ಯಾಟರಿಯ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಸೀರೆ ಉಡದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಬ್ಯಾಟರಿ ಹೊತ್ತದಿದ್ದರೆ ಹೋಗಬಹುದು.

ನದಿ ದಂಡೆಯ ಒಂದು ಮನೆ

ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭಾ ನದಿಯ ಮಗ್ಗುಲಿನ ಊರು. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತಾಗ ಹಿನ್ನೀರು ಈ ಭಾಗಕ್ಕೂ ಏರಿ ಬರುತ್ತದೆ. ಬೀಳಗಿ, ಮುಧೋಳ, ಜಮಖಂಡಿ ಕಡೆಯ ನೀರಾವರಿ ಹೊಲಗಳಲ್ಲಿ ಕಬ್ಬೇ ದೊರೆ, ಜೊತೆಗೆ ಗೋವಿನಜೋಳ. ಹೊಲಕ್ಕೆ ನೀರು ಹಾಯಿಸಬೇಕೆಂದರೆ ಪಂಪಸೆಟ್ಟು ತಿರುಗಬೇಕು. ಪಂಪಸೆಟ್ಟು ತಿರುಗಬೇಕೆಂದರೆ ತ್ರೀ ಫೇಸ್ ಕರೆಂಟು ಬರಬೇಕು. ಅದು ಪಾಳಿಯ ಮೇಲೆ ಬರುವ ಅತಿಥಿ. ರಾತ್ರಿ ಪಾಳಿ ಬಂದರೆ ರೈತ ರಾತ್ರಿಯೇ ಏಳಬೇಕು. ಆಳೆತ್ತರ ನಿಂತ ಕಬ್ಬಿನ ನಡುವೆ, ಕೆಸರಿನ ಕಾಲುವೆಯ ಬದುವಿನ ಮೇಲೆ, ಒಬ್ಬನೇ ನಡೆಯಬೇಕು.

ಆ ಕಡೆ ನನಗೆ ಪರಿಚಯದ ಒಂದು ಮನೆ ಇದೆ. ಹಿರಿಯರಿಬ್ಬರೇ ಇರುತ್ತಾರೆ, ನಾನು ಅವರನ್ನು ಕಾಕಾ, ಕಾಕಿ ಎಂದೇ ಕರೆಯುವುದು. ದೂರದ ದೇಶದಲ್ಲಿ ದುಡಿಯುವ ಮಗ ಒಮ್ಮೆ ರಜೆಗೆ ಬಂದಾಗ ಅಪ್ಪನಿಗೆಂದು ಚಾರ್ಜ್ ಮಾಡುವ ಒಂದು ಬ್ಯಾಟರಿ ತಂದುಕೊಟ್ಟ. ಕಾಕಾ ಅದನ್ನು ಅಂಗಳದಲ್ಲಿ ಹೊತ್ತಿಸಿ ನೋಡಿ ಮಗುವಿನಂತೆ ನಕ್ಕರು. ಮಗ ತಿರುಗಿ ಹೋದ ಮರುದಿನ ಕಾಕಿ ಅದನ್ನು ಒಂದು ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಟ್ರಂಕಿನಲ್ಲಿ ತಮ್ಮ ಇಳಕಲ್ ಸೀರೆಗಳ ನಡುವೆ ಇಟ್ಟರು.

"ಅವನ ಬೆವರಿನ ದುಡ್ಡಿಂದು ಐತಿ. ಹೊಲಕ್ಕ ಒಯ್ದರ ಕೆಸರ ಹತ್ತತೈತಿ, ಗೀರ ಬೀಳತಾವ. ಇರಲಿ ಬಿಡ್ರಿ, ಬೇಕಾದಾಗ ತಗಿಯೂಣು" ಎಂದರು ಕಾಕಿ. ಕಾಕಾ ಎದುರಾಡಲಿಲ್ಲ. ಹಳೆಯ ಪ್ಲಾಸ್ಟಿಕ್ ಬ್ಯಾಟರಿಯೊಂದಿತ್ತು. ಅದು ಕೈಕೊಟ್ಟ ಮೇಲೆ ಮೊಬೈಲಿನ ಬೆಳಕೇ ಸಾಕಾಯಿತು. ಹೊಸ ಬ್ಯಾಟರಿ ಟ್ರಂಕಿನಿಂದ ಹೊರಬರುತ್ತಿದ್ದುದು ಬೀಗರು ಬಂದಾಗ ಮಾತ್ರ. ತೋರಿಸುವುದು, ಹೊಗಳಿಸಿಕೊಳ್ಳುವುದು, ಮತ್ತೆ ಒಳಗಿಡುವುದು. ಹೀಗೆ ಒಂದೂವರೆ ವರ್ಷ ಕಳೆಯಿತು.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿ ಒಂದು ಗಂಟೆಗೆ ಕರೆಂಟು ಬಂತು. ಕಾಕಾ ಮೊಬೈಲು ಹಿಡಿದು ಹೊರಟರು. ಅದರಲ್ಲಿ ಚಾರ್ಜು ತೀರಾ ಕಡಿಮೆ ಇತ್ತು. ಅರ್ಧ ದಾರಿಯಲ್ಲಿ ಅದು ಆರಿಹೋಯಿತು. ದಿನಾ ನಡೆಯುವ ದಾರಿ ತಾನೇ ಎಂದು ಕತ್ತಲಲ್ಲೇ ಹೆಜ್ಜೆ ಹಾಕಿದರು. ಬದುವಿನ ಮೇಲೆ ಕೊಳಕಮಂಡಲ ಬಿದ್ದಿತ್ತು. ಮನುಷ್ಯನ ಸಪ್ಪಳಕ್ಕೆ ಸರಿದುಹೋಗದೆ ಇದ್ದಲ್ಲೇ ಬಿದ್ದಿರುವುದು ಆ ಹಾವಿನ ಸ್ವಭಾವ. ಪಾದದ ಮೇಲೆ ಕಚ್ಚಿತು.

ಅವರ ಕೂಗು ಕೇಳಿ ಕಾಕಿ ಟ್ರಂಕಿಗೆ ಓಡಿದರು. ಸೀರೆಗಳನ್ನೆಲ್ಲ ಎಳೆದೆಸೆದು ಡಬ್ಬಿ ತೆಗೆದರು, ಅರಿವೆ ಬಿಚ್ಚಿದರು, ಗುಂಡಿ ಒತ್ತಿದರು. ಬ್ಯಾಟರಿ ಹೊತ್ತಲಿಲ್ಲ. ಒಂದೂ ಗೀರಿಲ್ಲದ, ಕನ್ನಡಿಯಂತೆ ಹೊಳೆಯುವ ಬ್ಯಾಟರಿ ಅವರ ಕೈಯಲ್ಲಿ ಕಲ್ಲಿನಂತೆ ಕುಳಿತಿತ್ತು. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ನೀರು ತಿರುವುತ್ತಿದ್ದ ಹುಡುಗನೊಬ್ಬ ಓಡಿ ಬಂದ. ಅವನ ಬ್ಯಾಟರಿಯ ಗಾಜು ಸೀಳಿತ್ತು, ಹಿಡಿಕೆಗೆ ಕರಿ ಟೇಪು ಸುತ್ತಿತ್ತು, ಮೈಮೇಲೆ ಗೀರಿಲ್ಲದ ಜಾಗವಿರಲಿಲ್ಲ. ಅದೇ ಬೆಳಕಿನಲ್ಲಿ ಕಾಕಾನನ್ನು ಎತ್ತಿದರು, ಅದೇ ಬೆಳಕಿನಲ್ಲಿ ರಸ್ತೆಗೆ ತಂದರು. ತಡಮಾಡದೆ ಬಾಗಲಕೋಟೆಯ ಆಸ್ಪತ್ರೆ ಮುಟ್ಟಿದ್ದರಿಂದ ದೇವರ ದಯೆ, ವೈದ್ಯರ ಕೈಗುಣ ಎರಡೂ ಸೇರಿ ಕಾಕಾ ಉಳಿದರು.

ನಾನು ನೋಡಲು ಹೋದಾಗ ಕಾಕಿ ಹೇಳಿದ ಒಂದು ಮಾತು ಇಂದಿಗೂ ಮನಸ್ಸಿನಲ್ಲಿ ನಿಂತಿದೆ: "ಮಗ ಕಳಿಸಿದ್ದು ಬೆಳಕ ನೋಡಪಾ. ನಾ ಇಟ್ಕೊಂಡಿದ್ದು ಡಬ್ಬಿ."

ಕಾಕಿಯನ್ನು ಹೀಗಳೆಯುವ ಮೊದಲು

ಓದುಗರೇ, ಇಲ್ಲಿಗೆ ಕಥೆ ಮುಗಿಸಿ "ವಸ್ತುಗಳನ್ನು ಬಳಸಿರಿ, ಬಚ್ಚಿಡಬೇಡಿರಿ" ಎಂದು ನೀತಿ ಹೇಳಿಬಿಡಬಹುದಿತ್ತು. ಆದರೆ ಅದು ಕಾಕಿಗೆ ಮಾಡುವ ಅನ್ಯಾಯ. ಅವರು ಜಿಪುಣರಲ್ಲ. ಅವರು ಆ ಬ್ಯಾಟರಿಯನ್ನು ಒಳಗಿಟ್ಟದ್ದು ಪ್ರೀತಿಯಿಂದ. ಮಗ ಕಣ್ಣೆದುರು ಇಲ್ಲ; ಮಗ ಕೊಟ್ಟ ವಸ್ತುವಾದರೂ ಹಾಳಾಗದೆ ಇರಲಿ ಎಂಬ ತಾಯಿಯ ಹಂಬಲ ಅದು. ಇದರ ಹಿಂದೆ ಬಡತನದ ನೆನಪೂ ಇದೆ. ಒಂದು ವಸ್ತು ಕೆಟ್ಟರೆ ಇನ್ನೊಂದು ಸಿಗುವುದಿಲ್ಲ ಎಂಬ ಕಾಲದಲ್ಲಿ ಬೆಳೆದವರಿಗೆ ಜೋಪಾನ ಮಾಡುವುದೇ ಬದುಕು ಕಲಿಸಿದ ಮೊದಲ ಪಾಠ. ಇಂದು ಕೊಂಡು ನಾಳೆ ಎಸೆಯುವ ನಮ್ಮ ಮಕ್ಕಳಿಗೆ ಆ ಪಾಠದ ಒಂದಂಶವಾದರೂ ಬೇಕಾಗಿದೆ. 2015ರಲ್ಲಿ ವಿಶ್ವಗುರು ಫ್ರಾನ್ಸಿಸರು ಬರೆದ 'ಲೌದಾತೋ ಸಿ' ಪರಿಪತ್ರವು ಬಳಸಿ ಬಿಸಾಡುವ ಸಂಸ್ಕೃತಿಯನ್ನು ಎಷ್ಟು ಕಟುವಾಗಿ ಖಂಡಿಸುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಹಾಗಾದರೆ ಕಾಕಿಯ ತಪ್ಪೆಲ್ಲಿ? ಜೋಪಾನ ಮಾಡಬೇಕೆಂದದ್ದರಲ್ಲಿ ಅಲ್ಲ. ಒಳಗಿಟ್ಟರೆ ಜೋಪಾನವಾಗುತ್ತದೆ ಎಂದು ನಂಬಿದ್ದರಲ್ಲಿ.

ಬ್ಯಾಟರಿಯ ಒಳಗು ಹೇಗಿದೆ ಎಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಹಿಂದೆ ನಮ್ಮ ಮನೆಗಳಲ್ಲಿದ್ದ ಹಿತ್ತಾಳೆಯ ಅಥವಾ ತಗಡಿನ ಬ್ಯಾಟರಿಗಳಿಗೆ ಎರಡು ಮೂರು ದೊಡ್ಡ ಸೆಲ್ ಹಾಕುತ್ತಿದ್ದೆವು. ಒಂದೊಂದಕ್ಕೆ ಒಂದೂವರೆ ವೋಲ್ಟು. ಆ ಸೆಲ್ಲಿನ ಸತುವಿನ ಕವಚವೇ ಕರಗಿ ಕರೆಂಟು ಕೊಡುತ್ತದೆ. ನೀವು ಗುಂಡಿ ಒತ್ತದಿದ್ದರೂ ಒಳಗೆ ರಸಾಯನದ ಕೆಲಸ ನಿಧಾನವಾಗಿ ನಡೆದೇ ಇರುತ್ತದೆ. ಕವಚ ತೂತಾದರೆ ಒಳಗಿನ ರಸ ಸೋರಿ ಬ್ಯಾಟರಿಯ ಸ್ಪ್ರಿಂಗನ್ನೂ ಹಿತ್ತಾಳೆಯನ್ನೂ ತಿಂದುಹಾಕುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿಟ್ಟ ಬ್ಯಾಟರಿ ತೆರೆದಾಗ ಹಸಿರು ಬಿಳುಪಿನ ಕಿಲುಬು ಕಂಡವರಿಗೆ ಇದು ಗೊತ್ತು. ಆಮೇಲೆ ಬಂದ ಚಾರ್ಜಿನ ಬ್ಯಾಟರಿಗಳ ಒಳಗೆ ಸೀಸ ಮತ್ತು ಆಮ್ಲದ ಸಣ್ಣ ಪೆಟ್ಟಿಗೆ ಇರುತ್ತಿತ್ತು. ಅದನ್ನು ಚಾರ್ಜ್ ಮಾಡದೆ ಬಿಟ್ಟರೆ ಸೀಸದ ಹಲಗೆಗಳ ಮೇಲೆ ಗಟ್ಟಿ ಪೊರೆ ಕಟ್ಟಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಈಗಿನ ಲಿಥಿಯಂ ಸೆಲ್ಲು ಇವೆರಡಕ್ಕಿಂತ ಮೇಲು. ಆದರೆ ಅದೂ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಕೆಡುತ್ತದೆ.

ಅಂದರೆ ಬ್ಯಾಟರಿಯ ಹೊರಮೈಯನ್ನು ಹೊಸದಾಗಿ ಉಳಿಸಬಹುದು, ಬೆಳಕನ್ನು ಬಚ್ಚಿಟ್ಟು ಉಳಿಸಲಾಗದು. ಪಕ್ಕದ ಹೊಲದ ಹುಡುಗ ತನ್ನ ಬ್ಯಾಟರಿಯನ್ನು ದಿನಾಲೂ ದುಡಿಸುತ್ತಿದ್ದ. ದಿನಾಲೂ ದುಡಿಸುತ್ತಿದ್ದುದರಿಂದಲೇ ದಿನಾಲೂ ಚಾರ್ಜಿಗೆ ಹಚ್ಚುತ್ತಿದ್ದ. ಗಾಜು ಸೀಳಿದಾಗ ಅಂಟು ಹಚ್ಚಿದ, ಹಿಡಿಕೆ ಸಡಿಲಾದಾಗ ಟೇಪು ಸುತ್ತಿದ. ಆ ಬ್ಯಾಟರಿಗೆ ಏನಾಗಿದೆ ಎಂಬುದು ಅವನ ಕೈಗೆ ಗೊತ್ತಿತ್ತು. ಕಾಕಿಗೆ ತಮ್ಮ ಬ್ಯಾಟರಿ ಸತ್ತಿದೆ ಎಂಬುದೇ ಗೊತ್ತಿರಲಿಲ್ಲ. ನಾವು ಬಳಸದ ವಸ್ತು ಯಾವಾಗ ಸತ್ತಿತೆಂದು ನಮಗೆ ತಿಳಿಯುವುದೇ ಇಲ್ಲ.

ದುಡಿಸುವುದೆಂದರೆ ಬಡಿಯುವುದಲ್ಲ

ಆದರೆ ಇನ್ನೊಂದು ಬದಿಯೂ ಇದೆ. ಬ್ಯಾಟರಿ ಇರುವುದೇ ಬಳಸಲಿಕ್ಕೆ ಎಂದು ಅದರ ಹಿಂಭಾಗದಿಂದ ಮೊಳೆ ಬಡಿಯುವವರಿದ್ದಾರೆ. ಮಳೆಯಲ್ಲಿ ಬದುವಿನ ಮೇಲೆಯೇ ಮರೆತು ಬರುವವರಿದ್ದಾರೆ. ನೆರೆಮನೆಯವರದು ಎರವಲು ತಂದು, ಚಾರ್ಜೆಲ್ಲ ಖಾಲಿ ಮಾಡಿ, ಕೆಸರು ಸಹಿತ ಹಾಗೆಯೇ ತಿರುಗಿಸಿ ಕೊಡುವವರಿದ್ದಾರೆ. ಇವರನ್ನು ಕೇಳಿದರೆ "ವಸ್ತುವಿಗೆ ಅಂಟಿಕೊಳ್ಳಬಾರದು" ಎಂದು ವೈರಾಗ್ಯದ ಮಾತಾಡುತ್ತಾರೆ. ಇದು ವೈರಾಗ್ಯವಲ್ಲ, ಬೇಜವಾಬ್ದಾರಿ. ನಾಳೆ ಆ ಬ್ಯಾಟರಿಯ ಅವಶ್ಯಕತೆ ಯಾರಿಗೆ ಬೀಳುವುದೋ ಅವರಿಗೆ ಇಂದೇ ಮಾಡಿದ ದ್ರೋಹ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ಒಂದು ನಿಯಮಾವಳಿ ಬರೆದರು. ಅದರ 31ನೆಯ ಅಧ್ಯಾಯದಲ್ಲಿ ಉಗ್ರಾಣದ ಅಧಿಕಾರಿಗೆ ಅವರು ಹೇಳುವ ಒಂದು ಮಾತಿನ ಸಾರ ಬಹಳ ದೊಡ್ಡದು. ಮಠದ ಸಲಕರಣೆಗಳನ್ನೆಲ್ಲ, ಗುದ್ದಲಿಯಿರಲಿ, ಗಡಿಗೆಯಿರಲಿ, ಬಲಿಪೀಠದ ಪವಿತ್ರ ಪಾತ್ರೆಗಳೋ ಎಂಬಂತೆ ಕಾಣಬೇಕು. ಅಡುಗೆಮನೆಯ ಪಾಳಿ ಮುಗಿಸಿದವನು ಪಾತ್ರೆಗಳನ್ನು ತೊಳೆದು, ಮುಕ್ಕಾಗದಂತೆ, ತಿರುಗಿ ಒಪ್ಪಿಸಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ.

ಈಗ ನಿಮ್ಮ ದೇವಾಲಯದ ಪೂಜಾಪಾತ್ರೆಯನ್ನು ನೆನಪಿಗೆ ತಂದುಕೊಳ್ಳಿ. ಅದಕ್ಕಿಂತ ಜೋಪಾನವಾಗಿ ನಾವು ಇಡುವ ವಸ್ತು ಯಾವುದಿದೆ? ಆದರೂ ಅದು ಕಪಾಟಿನ ಅಲಂಕಾರವಲ್ಲ. ಗುರುಗಳು ಬಲಿಪೂಜೆ ಅರ್ಪಿಸುವಾಗಲೆಲ್ಲ ಅದು ಹೊರಬರುತ್ತದೆ, ತನ್ನ ಕೆಲಸ ಮಾಡುತ್ತದೆ, ಶುಚಿಯಾಗಿ ಒಳಗೆ ಹೋಗುತ್ತದೆ. ಬಳಕೆ ಮತ್ತು ಗೌರವ ಅಲ್ಲಿ ಒಂದೇ ಕೈಯ ಎರಡು ಬೆರಳುಗಳಂತಿವೆ. ಅಷ್ಟೇ ಅಲ್ಲ, ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಸೆರೆಸಿಕ್ಕ ಜನರನ್ನು ಬಿಡಿಸಲು ಹಣ ಬೇಕಾದಾಗ ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿದರು. ಮನುಷ್ಯನ ಪ್ರಾಣದ ಮುಂದೆ ಬಂಗಾರದ ಪಾತ್ರೆಯೂ ಚಿಕ್ಕದು ಎಂದು ಅವರಿಗೆ ತಿಳಿದಿತ್ತು.

ಆದುದರಿಂದ ವಸ್ತುವಿನ ಮೇಲೆ ಗೀರು ಇದೆಯೋ ಇಲ್ಲವೋ ಎಂಬುದು ಸರಿಯಾದ ಪ್ರಶ್ನೆಯೇ ಅಲ್ಲ. ಆ ಗೀರು ಹೇಗೆ ಬಂತು ಎಂಬುದೇ ಪ್ರಶ್ನೆ. ಸೇವೆಯಿಂದ ಬಂದ ಗೀರು ಒಂದು. ಅಸಡ್ಡೆಯಿಂದ ಬಂದ ಗೀರು ಇನ್ನೊಂದು. ಎರಡೂ ನೋಡಲು ಒಂದೇ ತರಹ ಇರಬಹುದು. ಹೇಗೆ ಬಂತೆಂದು ದೇವರಿಗೆ ಗೊತ್ತು, ನಮಗೂ ಗೊತ್ತು.

ಅರಿವೆಯಲ್ಲಿ ಸುತ್ತಿಟ್ಟ ನಾಣ್ಯ

ದೀಪದ ಬಗ್ಗೆ ಪ್ರಭು ಯೇಸುವಿಗೆ ಬಹಳ ಮಾತಿದ್ದವು. ದೀಪ ಹಚ್ಚಿ ಯಾರೂ ಅದನ್ನು ಮುಚ್ಚಿಡುವುದಿಲ್ಲ, ಮನೆಯವರಿಗೆಲ್ಲ ಕಾಣುವಂತೆ ಎತ್ತರದಲ್ಲಿ ಇಡುತ್ತಾರೆ ಎಂದು ಅವರು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ನನಗೆ ಇಲ್ಲಿ ಹೆಚ್ಚು ನೆನಪಾಗುವುದು ಸಂತ ಲೂಕರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಬರುವ ಸೇವಕ. ಯಜಮಾನ ಕೊಟ್ಟ ನಾಣ್ಯವನ್ನು ಅವನು ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ. ಒಂದು ಬಟ್ಟೆಯಲ್ಲಿ ಸುತ್ತಿಟ್ಟ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಿರುಗಿಸಿದ. ಲೋಕದ ಕಣ್ಣಿಗೆ ಅವನು ಪ್ರಾಮಾಣಿಕ. ಆದರೂ ಯಜಮಾನ ಅವನನ್ನು ಗದರಿದ. ಯಾಕೆ? ಬಟ್ಟೆಯ ಒಳಗಿದ್ದದ್ದು ನಾಣ್ಯ, ಬಟ್ಟೆ ಸುತ್ತಿದ ಕೈಯಲ್ಲಿದ್ದದ್ದು ಭಯ. ಯಜಮಾನನಿಗೆ ಹೆದರಿದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಕಳೆದುಕೊಂಡೇನು ಎಂಬ ಹೆದರಿಕೆಗೆ ನಾವೂ ಎಷ್ಟೋ ಸಲ ಜೋಪಾನ ಎಂಬ ಒಳ್ಳೆಯ ಹೆಸರು ಕೊಟ್ಟಿರುತ್ತೇವೆ.

ಹತ್ತು ಮಂದಿ ಕನ್ಯೆಯರ ಸಾಮತಿ ಇನ್ನೂ ಸ್ವಲ್ಪ ಕಠಿಣ. ಮದಲಿಂಗ ತಡವಾಗಿ ಬಂದ; ಐವರ ದೀಪಗಳು ಆರತೊಡಗಿದ್ದವು. ಅವರು ಎಣ್ಣೆ ಕೇಳಿದರೆ ಉಳಿದ ಐವರು ಕೊಡಲಿಲ್ಲ. ಇದೆಂಥ ಜಾಣತನ, ಇದು ಸ್ವಾರ್ಥವಲ್ಲವೇ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಕಾಕಿಯ ಮನೆಯ ಘಟನೆಯ ನಂತರ ನನಗೆ ಅದರ ಒಂದು ಅರ್ಥ ಹೊಳೆಯಿತು. ಬ್ಯಾಟರಿಯನ್ನು ಎರವಲು ಕೊಡಬಹುದು; ಕೊಡಲೇಬೇಕು. ಆದರೆ ನಿನ್ನೆ ಸಂಜೆ ಅದನ್ನು ಚಾರ್ಜಿಗೆ ಹಚ್ಚಿದ ಆ ಅಭ್ಯಾಸವನ್ನು ಯಾರು ಯಾರಿಗೆ ಎರವಲು ಕೊಡಲು ಸಾಧ್ಯ? ಪ್ರಾರ್ಥನೆ, ತಾಳ್ಮೆ, ಕ್ಷಮಿಸುವ ರೂಢಿ, ಸತ್ಯ ಹೇಳುವ ರೂಢಿ, ಇವೆಲ್ಲ ದಿನದಿನವೂ ಸ್ವಲ್ಪಸ್ವಲ್ಪ ತುಂಬಿಕೊಳ್ಳುವ ಎಣ್ಣೆ. ನಡುರಾತ್ರಿ ಕೂಗು ಕೇಳಿದಾಗ ಅಂಗಡಿಗೆ ಓಡಿದರೆ ಸಿಗುವುದಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದುದು ಇದನ್ನೇ.

ನಾವೇ ಆ ಬ್ಯಾಟರಿ

ಇಲ್ಲಿಗೆ ವಸ್ತುವಿನ ಮಾತು ಬಿಟ್ಟು ನಮ್ಮ ಮಾತಿಗೆ ಬರೋಣ.

ನಿಮ್ಮಲ್ಲಿ ಒಳ್ಳೆಯ ಕಂಠವಿದೆ, ಆದರೆ ಗಾಯನವೃಂದಕ್ಕೆ ಬರಲು ನಾಚಿಕೆ. ನೀವು ನಿವೃತ್ತ ಶಿಕ್ಷಕರು, ಆದರೆ ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡಲು "ಯಾಕೆ ಬೇಕು ಇಲ್ಲದ ಉಸಾಬರಿ" ಎಂಬ ಹಿಂಜರಿಕೆ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಬಾಗಿಲು ತಟ್ಟಲು ಮನಸ್ಸಿದೆ, ಆದರೆ ಅವನು ಮುಖ ತಿರುಗಿಸಿದರೆ ಮಾನ ಹೋದೀತೆಂಬ ಅಂಜಿಕೆ. ಇವೆಲ್ಲ ಅರಿವೆಯಲ್ಲಿ ಸುತ್ತಿಟ್ಟ ಬ್ಯಾಟರಿಗಳು. ಮೈಗೆ ಗೀರಿಲ್ಲ, ಬೆಳಕೂ ಇಲ್ಲ. 2013ರಲ್ಲಿ ವಿಶ್ವಗುರು ಫ್ರಾನ್ಸಿಸರು 'ಎವಾಂಜೆಲಿ ಗೌದಿಯುಂ' ಪತ್ರದಲ್ಲಿ ಧರ್ಮಸಭೆಯ ಬಗ್ಗೆಯೇ ಇಂಥ ಮಾತು ಬರೆದರು. ತನ್ನ ಸುರಕ್ಷತೆಗೆ ಅಂಟಿಕೊಂಡು ಬಾಗಿಲು ಹಾಕಿಕೊಂಡು ರೋಗ ಹಿಡಿದ ಧರ್ಮಸಭೆಗಿಂತ, ಬೀದಿಗಿಳಿದು ಪೆಟ್ಟು ತಿಂದು ಮೈ ಕೊಳೆ ಮಾಡಿಕೊಂಡ ಧರ್ಮಸಭೆಯೇ ತಮಗೆ ಮೆಚ್ಚು ಎಂಬುದು ಅದರ ತಾತ್ಪರ್ಯ.

ಆದರೆ ಇಲ್ಲಿಯೂ ಇನ್ನೊಂದು ಬದಿಯನ್ನು ಮರೆಯಬಾರದು. ಪ್ರತಿ ಮನೆಯಲ್ಲೂ ಎಲ್ಲರೂ ಕೈಹಾಕಿ ಎತ್ತಿಕೊಳ್ಳುವ, ಯಾರೂ ಚಾರ್ಜಿಗೆ ಹಚ್ಚದ ಒಂದು ಬ್ಯಾಟರಿ ಇರುತ್ತದೆ. ಬಹಳ ಮನೆಗಳಲ್ಲಿ ಆ ಬ್ಯಾಟರಿಯ ಹೆಸರು ಅವ್ವ. ನಸುಕಿಗೆ ಒಲೆ ಹಚ್ಚುವವಳು ಅವಳು, ಹೊಲಕ್ಕೆ ಬುತ್ತಿ ಒಯ್ಯುವವಳು ಅವಳು, ರಾತ್ರಿ ಅತ್ತೆಯ ಕಾಲು ಒತ್ತುವವಳು ಅವಳು. ಅವಳು ದಣಿದರೆ ಅದನ್ನು ನಾವು ತ್ಯಾಗ ಎಂದು ಹೊಗಳಿ ಮತ್ತೆ ಅದೇ ಕೆಲಸಕ್ಕೆ ಕಳಿಸುತ್ತೇವೆ. ಇದು ತ್ಯಾಗವನ್ನು ಗೌರವಿಸುವುದಲ್ಲ, ಬ್ಯಾಟರಿಯಿಂದ ಮೊಳೆ ಬಡಿಯುವುದು. ಕೆಲವು ಊರುಗಳಲ್ಲಿ ಇದೇ ಪಾಡು ಉಪದೇಶಿಗಳದು, ಕನ್ಯಾಸ್ತ್ರೀಯರದು, ಗುರುಗಳದು.

ಯೇಸುಸ್ವಾಮಿ ತಮ್ಮನ್ನು ಉಳಿಸಿಕೊಳ್ಳದೆ ಕೊಟ್ಟರು. ಆದರೂ ಜನ ಹುಡುಕುತ್ತಿರುವಾಗಲೇ ನಸುಕಿನಲ್ಲಿ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಶಿಷ್ಯರು ಊಟಕ್ಕೂ ಪುರಸೊತ್ತಿಲ್ಲದಂತೆ ದುಡಿದು ಬಂದಾಗ ಇನ್ನಷ್ಟು ದುಡಿಯಿರಿ ಎನ್ನಲಿಲ್ಲ. ನಿರ್ಜನ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಲು ಕರೆದರು. ಸಂತ ಮಾರ್ಕರು ತಮ್ಮ ಶುಭಸಂದೇಶದ 1ನೆಯ ಹಾಗೂ 6ನೆಯ ಅಧ್ಯಾಯಗಳಲ್ಲಿ ಇದನ್ನು ದಾಖಲಿಸಿದ್ದಾರೆ. ತನ್ನನ್ನು ಕೊಡುವವನಿಗೆ ತುಂಬಿಕೊಳ್ಳುವ ಹೊತ್ತೂ ಬೇಕು. ಆ ಹೊತ್ತನ್ನು ಅವನಿಗೆ ಒದಗಿಸುವುದು ಅವನ ಬೆಳಕಿನಲ್ಲಿ ನಡೆಯುವವರ ಕರ್ತವ್ಯ.

ಇಟ್ಟುಕೊಳ್ಳಬೇಕಾದವೂ ಇವೆ

ಹಾಗಾದರೆ ಏನನ್ನೂ ಒಳಗಿಡಲೇಬಾರದೇ? ಹಾಗಲ್ಲ. ನೆನಪಿಗೆಂದು ಇಡುವ ವಸ್ತುಗಳಿವೆ. ತೀರಿಹೋದ ಅಪ್ಪನ ಹಿತ್ತಾಳೆ ಬ್ಯಾಟರಿಯನ್ನು ಮಗ ಕಪಾಟಿನಲ್ಲಿ ಇಟ್ಟುಕೊಂಡಿದ್ದರೆ ಅದನ್ನು ಹೊಲಕ್ಕೆ ಒಯ್ಯೆಂದು ನಾನು ಹೇಳಲಾರೆ. ಅದು ತನ್ನ ದುಡಿಮೆ ಮುಗಿಸಿದೆ. ಅದರ ಮೇಲಿನ ಒಂದೊಂದು ತಗ್ಗೂ ಅಪ್ಪನ ಒಂದೊಂದು ರಾತ್ರಿಯ ಗುರುತು. ಅಂಥದ್ದನ್ನು ಇಡುವಾಗ ಒಳಗಿನ ಸೆಲ್ ತೆಗೆದಿಡಿ, ಅಷ್ಟೇ.

ಮಗುವಿನ ದೀಕ್ಷಾಸ್ನಾನದ ಮೇಣದ ಬತ್ತಿಯನ್ನೂ ನಾವು ಹೀಗೆಯೇ ಜೋಪಾನವಾಗಿ ಇಡುತ್ತೇವೆ. ಅದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ, ದೀಕ್ಷಾಸ್ನಾನದ ದಿನ ಬಂದಾಗ, ಮನೆಯವರೆಲ್ಲ ಸೇರಿ ಅದನ್ನು ಹಚ್ಚಿ ಒಂದು ಪ್ರಾರ್ಥನೆ ಹೇಳಿದರೆ ಇನ್ನೂ ಒಳ್ಳೆಯದು. ಬತ್ತಿ ಒಂದು ಬೆರಳು ಸವೆದರೆ ಸವೆಯಲಿ. ಆ ಬತ್ತಿಗೆ ಬೆಳಕು ಬಂದದ್ದು ಪಾಸ್ಖ ದೀಪದಿಂದ. ಪಾಸ್ಖ ದೀಪವನ್ನು ಧರ್ಮಸಭೆ ವರ್ಷವರ್ಷವೂ ಹೊಸದಾಗಿ ಹಚ್ಚುತ್ತದೆ. ಅದು ಮೇಣದ್ದೇ ಆಗಿರಬೇಕು, ಉರಿದು ಸವೆಯುವಂಥದ್ದೇ ಆಗಿರಬೇಕು. ಮಕ್ಕಳ ದೀಕ್ಷಾಸ್ನಾನಕ್ಕೂ ಅದೇ ದೀಪ, ಹಿರಿಯರ ಶವಪೆಟ್ಟಿಗೆಯ ಪಕ್ಕಕ್ಕೂ ಅದೇ ದೀಪ. ಅದರ ಮೈಯಲ್ಲಿ ಚುಚ್ಚಿದ ಐದು ಧೂಪದ ಕಣಗಳು ಪ್ರಭುವಿನ ಐದು ಗಾಯಗಳ ಗುರುತು.

ಒಂದು ಸಂಗತಿ ಯೋಚಿಸಿ ನೋಡಿ. ಪುನರುತ್ಥಾನರಾದ ಕ್ರಿಸ್ತರ ಶರೀರ ಮಹಿಮೆಯ ಶರೀರ. ಅದರಲ್ಲಿ ಒಂದು ಗೀರೂ ಇಲ್ಲದಂತೆ ಮಾಡುವುದು ತಂದೆಯಾದ ದೇವರಿಗೆ ಕಷ್ಟವಾಗಿತ್ತೇ? ಆದರೂ ಯೇಸು ಸಂತ ತೋಮರಿಗೆ ತಮ್ಮ ಕೈಯ ಗಾಯಗಳನ್ನು, ಪಕ್ಕೆಯ ಗಾಯವನ್ನು ತೋರಿಸಿದರು. ಪ್ರೀತಿಯಿಂದ ಬಂದ ಗಾಯವನ್ನು ಪರಲೋಕವೂ ಅಳಿಸುವುದಿಲ್ಲ. ನಮ್ಮ ಜೀವನ ಮುಗಿಸಿ ಅವರ ಮುಂದೆ ನಿಂತಾಗ ಹೊಸ ಡಬ್ಬಿಯಲ್ಲಿಟ್ಟ ಹೊಸ ಬದುಕನ್ನು ತಿರುಗಿ ಒಪ್ಪಿಸಿದರೆ ಅವರು ಸಂತೋಷಪಟ್ಟಾರೇ?

ಈ ವಾರ ಮನೆಯಲ್ಲಿ

ಈ ಭಾನುವಾರ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಬ್ಯಾಟರಿಗಳನ್ನೆಲ್ಲ ಹೊರಗೆ ತೆಗೆಯಿರಿ. ಹೊತ್ತಿಸಿ ನೋಡಿ. ಸೋರಿದ ಸೆಲ್ ಬಿಸಾಡಿ, ಕಿಲುಬು ಒರೆಸಿ, ಚಾರ್ಜಿನದನ್ನು ಚಾರ್ಜಿಗೆ ಹಚ್ಚಿ. ಅಪರೂಪಕ್ಕೆ ಬಳಸುವ ಬ್ಯಾಟರಿಯಾದರೆ ಸೆಲ್ ತೆಗೆದು ಪಕ್ಕದಲ್ಲೇ ಇಡಿ. ಒಳ್ಳೆಯದೊಂದನ್ನು ಬಾಗಿಲ ಬಳಿ, ಕತ್ತಲಲ್ಲೂ ಕೈಗೆ ಸಿಗುವ ಜಾಗದಲ್ಲಿ ತೂಗುಹಾಕಿ. ನೆರೆಯವರು ಕೇಳಿದರೆ ಕೊಡಿ. ನೀವು ತಂದರೆ ಒರೆಸಿ, ಚಾರ್ಜ್ ತುಂಬಿ ತಿರುಗಿಸಿ.

ಇದು ಬರೀ ಸಂಕೇತದ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಘೋಷಿಸಿತು. ಆದುದರಿಂದ ರಾತ್ರಿ ಹೊಲಕ್ಕೆ ಹೋಗುವವರು ಬೆಳಕನ್ನು ದೂರಕ್ಕಲ್ಲ, ಎರಡು ಹೆಜ್ಜೆ ಮುಂದಿನ ನೆಲಕ್ಕೆ ಹಿಡಿಯಿರಿ. ಕಾಲಿಗೆ ಗಟ್ಟಿ ಬೂಟು ಹಾಕಿರಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ.

ಮಕ್ಕಳು ಬ್ಯಾಟರಿ ಒರೆಸುತ್ತಿರುವಾಗ ಇನ್ನೊಂದು ಪ್ರಶ್ನೆಯನ್ನು ಮನೆಯವರೆಲ್ಲ ತಮಗೆ ತಾವೇ ಕೇಳಿಕೊಳ್ಳಿ. ದೇವರು ನನಗೆ ಕೊಟ್ಟ ಯಾವ ಬೆಳಕನ್ನು ನಾನು ಸುತ್ತಿಟ್ಟಿದ್ದೇನೆ? ಈ ಮನೆಯಲ್ಲಿ ಯಾರನ್ನು ನಾವೆಲ್ಲ ಸೇರಿ ದುಡಿಸಿ, ತುಂಬಿಕೊಳ್ಳಲು ಬಿಡದೆ ಇದ್ದೇವೆ? ಎರಡಕ್ಕೂ ಉತ್ತರ ಹೊಳೆದರೆ ಆ ದಿನವೇ ಒಂದು ಚಿಕ್ಕ ಬದಲಾವಣೆ ಮಾಡಿ. ಆ ಸಂಜೆ ಅವ್ವ ಕುಳಿತಿರಲಿ, ಪಾತ್ರೆ ನೀವು ತಿಕ್ಕಿರಿ.

ಕಾಕಿಯ ಮನೆಗೆ ನಾನು ಇತ್ತೀಚೆಗೆ ಮತ್ತೆ ಹೋಗಿದ್ದೆ. ಮಗ ತಂದ ಬ್ಯಾಟರಿಗೆ ಪೇಟೆಯಲ್ಲಿ ಹೊಸ ಸೆಲ್ ಹಾಕಿಸಿದ್ದಾರೆ. ಅದೀಗ ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತದೆ. ಗಾಜಿನ ಸುತ್ತ ಕೆಸರಿನ ಗೆರೆ, ಮೈಮೇಲೆ ನಾಲ್ಕಾರು ಗೀರು. ಅದನ್ನು ಸುತ್ತಿಟ್ಟಿದ್ದ ಆ ಮೆತ್ತನೆಯ ಅರಿವೆಯೂ ಅದೇ ಗೂಟಕ್ಕಿದೆ. ಹೊಲದಿಂದ ಬಂದ ಮೇಲೆ ಕಾಕಾ ಅದರಿಂದಲೇ ಬ್ಯಾಟರಿ ಒರೆಸಿ ಚಾರ್ಜಿಗೆ ಹಚ್ಚುತ್ತಾರೆ. ನಾನು ಹೊರಟಾಗ ಕತ್ತಲಾಗಿತ್ತು. ಕಾಕಿ ಆ ಬ್ಯಾಟರಿ ತೆಗೆದು ನನ್ನ ಕೈಗಿಟ್ಟು, "ಒಯ್ಯಪಾ, ರಸ್ತಾದ ತನಕ. ನಾಳೆ ಹುಡುಗನ ಕೈಯಾಗ ಕೊಟ್ಟು ಕಳಸಿದರ ಆತು" ಎಂದರು.

ಪ್ರಭುವೇ, ನೀವು ನಮ್ಮ ಕೈಗೆ ಕೊಟ್ಟ ಬೆಳಕನ್ನು ಹೆದರಿಕೆಯಿಂದ ಬಚ್ಚಿಡದಂತೆ, ಅಸಡ್ಡೆಯಿಂದ ಆರಿಸದಂತೆ ನಮ್ಮನ್ನು ಕಾಯಿರಿ. ನಮ್ಮ ನೆರೆಯವರ ದಾರಿಗೆ ಅದು ಬೇಕಾದ ರಾತ್ರಿ, ಅದು ಹೊತ್ತುವಂತಿರಲಿ. ಆಮೆನ್.